ಬಾವಿಯಲ್ಲಿ ರಾತ್ರಿಗೆ ಎರಡೇ ಅಡಿ ನೀರು: ದನ, ತೋಟ, ತರಕಾರಿ ಮೂರಕ್ಕೂ ಹಂಚುವುದು ಹೇಗೆ?

ಪ್ರಶ್ನೆ: ಗುಡ್ಡದಬುಡ (ಹೊಸನಗರ)

ಎಲ್ಲರಿಗೂ ನಮಸ್ಕಾರ. ಫಸಲು ಬರುವ ಅಡಿಕೆ 150 ಮರ, ಕರು ಹಾಕಿ ಮೂರು ತಿಂಗಳಾದ ಜರ್ಸಿ ಕ್ರಾಸ್ ಹಸು 1, ಮಲೆನಾಡು ಗಿಡ್ಡ (ಊರಿನ ಸಣ್ಣ ತಳಿ ದನ) 2, ಕರು 1, ನಾಟಿ ಕೋಳಿ 12. ಮನೆ ಹಿಂದೆ 10×4 ಅಡಿಯ 10 ಮಡಿ ತರಕಾರಿ. ಮನೆಯಲ್ಲಿ ಐದು ಜನ. ಅಬ್ಬಿ (ಗುಡ್ಡದಿಂದ ತಾನಾಗಿ ಹರಿದು ಬರುವ) ನೀರು ಫೆಬ್ರವರಿಗೇ ನಿಂತಿದೆ, ಈಗ 8 ಅಡಿ ಅಗಲದ ಬಾವಿಯೊಂದೇ ಗತಿ. ಸಂಜೆ ಪೂರ್ತಿ ಎತ್ತಿದರೆ ಬೆಳಿಗ್ಗೆಗೆ 2 ಅಡಿ ಬರುತ್ತದೆ. ತೋಟಕ್ಕೆ ಸ್ಪ್ರಿಂಕ್ಲರ್ ಇದೆ.

ಕೇಳಬೇಕಾದದ್ದು ಇಷ್ಟು. ಈ ನೀರನ್ನು ಯಾವುದಕ್ಕೆ ಎಷ್ಟು ಕೊಡಬೇಕು? ತರಕಾರಿ ಬಿಟ್ಟುಬಿಡಿ ಅಂತ ಕೆಲವರು ಹೇಳುತ್ತಾರೆ. ಜರ್ಸಿ ಹಾಲು ದಿನಕ್ಕೆ 7 ಲೀಟರಿನಿಂದ 5ಕ್ಕೆ ಇಳಿದಿದೆ, ಮಧ್ಯಾಹ್ನ ಏದುಸಿರು ಬಿಡುತ್ತದೆ, ಕೊಟ್ಟಿಗೆಗೆ ಸಿಮೆಂಟ್ ಶೀಟು. ಅಜೋಲ್ಲಾ (ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಮೇವಿನ ಗಿಡ) ಹಾಕಿದರೆ ಹಾಲು ಏರುತ್ತದೆಯೇ? ಸೌತೆ, ಹಾಗಲದ ಮಿಡಿ ಹೆಬ್ಬೆರಳಿನಷ್ಟಾಗುವ ಹೊತ್ತಿಗೆ ಹಳದಿಯಾಗಿ ಉದುರುತ್ತಿದೆ. ದನಗಳ ಮೈಯಲ್ಲಿ ಉಣುಗು (ರಕ್ತ ಹೀರುವ ಉಣ್ಣೆ) ಬಹಳ. ತೋಟಕ್ಕೆ ಹಾಕಲು ಕಾಡಿನಿಂದ ದರಕು (ಉದುರಿದ ಒಣ ಎಲೆ) ತರುವ ಕೆಲಸ ಇನ್ನೂ ಬಾಕಿ ಇದೆ.

ಉತ್ತರ: ದಬ್ಬೆನೀರು (ತೀರ್ಥಹಳ್ಳಿ)

ಮೊದಲು ನೀರಿನ ಲೆಕ್ಕ ಹಾಕುವ, ಆಮೇಲೆ ತರಕಾರಿ ಬಿಡಬೇಕೋ ಬೇಡವೋ ತಾನಾಗಿ ಗೊತ್ತಾಗುತ್ತದೆ.

8 ಅಡಿ ಅಗಲದ ಬಾವಿಯಲ್ಲಿ 1 ಅಡಿ ನೀರು ಅಂದರೆ ಸುಮಾರು 1,400 ಲೀಟರ್. 2 ಅಡಿಗೆ 2,800. ಕರೆಯುವ ಜರ್ಸಿಗೆ ಬೇಸಿಗೆಯಲ್ಲಿ ಕುಡಿಯಲು 70 ಲೀಟರ್ ಇಡಿ, ಗಿಡ್ಡಕ್ಕೆ ತಲಾ 25, ಕರುವಿಗೆ 10, ಮೈ ತೊಳೆಯಲು ಮತ್ತು ಕೊಟ್ಟಿಗೆಗೆ 40: ಒಟ್ಟು 170. ಐದು ಜನರ ಮನೆಗೆ 500. ತರಕಾರಿ ಮಡಿಗೆ ದಿನಕ್ಕೆ 5 ಮಿ.ಮೀ. ಎತ್ತರದ ನೀರು ಸಾಕು, ಅದು ಮಡಿಗೆ 18 ಲೀಟರ್, ಹತ್ತು ಮಡಿಗೆ 180. ಎಲ್ಲ ಸೇರಿ 850. ಉಳಿಯಿತು 1,950 ಲೀಟರ್, 150 ಮರಕ್ಕೆ ಹಂಚಿದರೆ ಮರಕ್ಕೆ 13.

ಅಂದರೆ ತರಕಾರಿ ಪೂರ್ತಿ ಕೈಬಿಟ್ಟರೂ ಅಡಿಕೆ ಮರಕ್ಕೆ ಹೆಚ್ಚಿಗೆ ಸಿಗುವುದು ಒಂದೇ ಲೀಟರ್ ಚಿಲ್ಲರೆ. ನೀರು ನುಂಗುತ್ತಿರುವುದು ಮಡಿಗಳಲ್ಲ, ಸ್ಪ್ರಿಂಕ್ಲರ್. ಅದು ಸಾಲಿನ ನಡುವಿನ ಖಾಲಿ ಜಾಗ, ಕಾಲುದಾರಿ, ಕಳೆ ಎಲ್ಲವನ್ನೂ ನೆನೆಸುತ್ತದೆ. ಗಾಳಿಗೆ ಹಾರಿ ಹೋಗುವ ಪಾಲು ಬೇರೆ. ಬೇಸಿಗೆಯಲ್ಲಿ ಹನಿ ನೀರಾವರಿಯಾದರೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಅದೇ ಪಾತಿಗೆ ಕಟ್ಟುವುದಾದರೆ ಮಾರ್ಚ್‌ನಿಂದ ಮೇ ತನಕ 3ರಿಂದ 5 ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಬೇಕು. ನಿಮ್ಮ ಬಾವಿಗೆ ಅದು ಆಗುವ ಮಾತಲ್ಲ.

ಬುಡದಿಂದ ಒಂದೂವರೆ ಅಡಿ ದೂರದಲ್ಲಿ, ಎದುರು ಬದುರು ಎರಡು ಡ್ರಿಪ್ಪರ್ ಕೂರಿಸಿ, ಗಂಟೆಗೆ 4 ಲೀಟರಿನವು. 150 ಮರಕ್ಕೆ ಗಂಟೆಗೆ 1,200 ಲೀಟರ್ ಆಯಿತು. ಒಂದು ಗಂಟೆ ನಲವತ್ತು ನಿಮಿಷ ಬಿಟ್ಟರೆ ಮರಕ್ಕೆ 13 ಲೀಟರ್ ಮುಟ್ಟುತ್ತದೆ. 16ಕ್ಕೆ ಕಡಿಮೆ ನಿಜ, ಸ್ವಲ್ಪ ಹರಳು (ಎಳೆ ಅಡಿಕೆ) ಉದುರಬಹುದು. ಆದರೆ ಬುಡಕ್ಕೆ ನಾಲ್ಕು ಇಂಚು ದರಕು, ಅದರ ಮೇಲೆ ಸೋಗೆ (ಅಡಿಕೆಯ ಒಣ ಗರಿ) ಕತ್ತರಿಸಿ ಹಾಕಿದರೆ ಮರ ಸೋಲುವುದಿಲ್ಲ. ಮುಚ್ಚಿಗೆ ಇಲ್ಲದ ಬುಡಕ್ಕೆ 20 ಲೀಟರ್ ಕೊಡುವುದಕ್ಕಿಂತ ಮುಚ್ಚಿಗೆ ಇರುವ ಬುಡಕ್ಕೆ 13 ಕೊಡುವುದು ಲೇಸು.

ಹನಿ ಹಾಕಿದವರು ಸಾಮಾನ್ಯವಾಗಿ ಎಡವುವುದು ಫಿಲ್ಟರಿನಲ್ಲಿ. ನಮ್ಮ ಕಡೆಯ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಡ್ರಿಪ್ಪರ್ ಒಳಗೆ ಕಂದು ಲೋಳೆ ಕಟ್ಟುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಸಾಲಿನ ಕೊನೆಯ ಹತ್ತು ಮರ ಒಣಗಿದ ಮೇಲೆ ಗೊತ್ತಾಗುತ್ತದೆ. ಜಾಲರಿ ಫಿಲ್ಟರ್ ವಾರಕ್ಕೆರಡು ಸಲ ಬಿಚ್ಚಿ ತೊಳೆಯಿರಿ. ಹದಿನೈದು ದಿನಕ್ಕೊಮ್ಮೆ ಪೈಪಿನ ಕೊನೆಯ ಮುಚ್ಚಳ ತೆಗೆದು, ತಿಳಿನೀರು ಬರುವ ತನಕ ಬಿಡಿ. ಡ್ರಿಪ್ಪರ್ ಕೆಳಗೆ ಲೋಟ ಇಟ್ಟು ಮೂರು ನಿಮಿಷ ಹಿಡಿದರೆ 200 ಮಿ.ಲೀ. ಬೀಳಬೇಕು. ಸಾಲಿನ ಮೊದಲ ಮರ, ಕೊನೆಯ ಮರ ಎರಡರಲ್ಲೂ ನೋಡಿ.

ಬಾವಿಯ ಬಗ್ಗೆ ಇನ್ನೊಂದು ಮಾತು. ನೀರು ಏರುತ್ತಾ ಹೋದಂತೆ ಒರತೆ ಒಸರುವ ವೇಗ ಇಳಿಯುತ್ತದೆ. ಆದ್ದರಿಂದ ಸಂಜೆ ಒಂದೇ ಸಲ ಎತ್ತುವ ಬದಲು ಬೆಳಗ್ಗೆ ಐದಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಎತ್ತಿದರೆ 24 ಗಂಟೆಗೆ ಸಿಗುವ ಒಟ್ಟು ನೀರು ಹೆಚ್ಚು. ಕರೆಂಟು ನಾವು ಹೇಳಿದ ಹೊತ್ತಿಗೆ ಬರುವುದಿಲ್ಲ ಅನ್ನುವುದು ಬೇರೆ ಮಾತು, ಮಾರಾಯ್ರೆ. ಕೆಸರಿನ ತನಕ ಎತ್ತಬೇಡಿ. ಫುಟ್‌ವಾಲ್ವ್ (ಪೈಪಿನ ಕೆಳತುದಿಯ ವಾಲ್ವ್) ತಳದಿಂದ ಒಂದೂವರೆ ಅಡಿ ಮೇಲಿರಲಿ, ಇಲ್ಲದಿದ್ದರೆ ಮರಳು ಸಿಕ್ಕಿ ವಾಲ್ವ್ ಮುಚ್ಚದೆ ಪಂಪು ಗಾಳಿ ಹಿಡಿಯುತ್ತದೆ.

ಉತ್ತರ: ಹುಲ್ಲುಗೊಣಬೆ (ಸಾಗರ)

ಕೊಟ್ಟಿಗೆ ವಿಷಯ ನಾನು ಹೇಳುತ್ತೇನೆ. ಜರ್ಸಿಗೆ ಹೊಸ ಆಹಾರ ಹುಡುಕುವ ಮೊದಲು ಅದರ ಪಕ್ಕೆ ನೋಡಿ ಉಸಿರು ಎಣಿಸಿ. ನಿಮಿಷಕ್ಕೆ 60 ದಾಟಿದರೆ ಸೆಖೆಯೇ ಕಾಯಿಲೆ. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರು. ಕುಡಿದದ್ದು ಕಡಿಮೆಯಾದರೆ ಹಿಂಡಿ ಎಷ್ಟು ಸುರಿದರೂ ಪಾತ್ರೆಗೆ ಬರುವುದಿಲ್ಲ. ಬೆಳಿಗ್ಗೆ, ಸಂಜೆ ಎರಡೇ ಸಲ ಬಾಯಾರು (ಕುಡಿಯುವ ನೀರು) ಕೊಡುವ ಪದ್ಧತಿ ಗಿಡ್ಡಕ್ಕೆ ನಡೆದೀತು, ಜರ್ಸಿಗೆ ಸಾಲದು. ಬಾನಿ ಸದಾ ತುಂಬಿರಲಿ, ನೆರಳಿನಲ್ಲಿರಲಿ. ಬಿಸಿಲಿಗೆ ಕಾದ ನೀರನ್ನು ಅದು ಮೂತಿ ಅದ್ದಿ ಬಿಟ್ಟುಬಿಡುತ್ತದೆ. ಮಧ್ಯಾಹ್ನ ಎರಡರ ಹೊತ್ತಿಗೆ ತಣ್ಣೀರು ಹೊಸದಾಗಿ ಸುರಿದು ನೋಡಿ, ಎಷ್ಟು ಎಳೆಯುತ್ತದೆ ಅಂತ ಗೊತ್ತಾಗುತ್ತದೆ.

ಶೀಟಿನ ಮೇಲೆ ಅರ್ಧ ಅಡಿ ದಪ್ಪ ಅಡಿಕೆ ಸೋಗೆ ಹರವಿ. ಅಡ್ಡಕ್ಕೆ ದಬ್ಬೆ ಇಟ್ಟು ತಂತಿ ಬಿಗಿಯಿರಿ, ಏಪ್ರಿಲ್ ಕೊನೆಯ ಗಾಳಿಮಳೆಗೆ ಬಿಡಿ ಸೋಗೆ ಒಂದೂ ನಿಲ್ಲುವುದಿಲ್ಲ. ಬಚ್ಚಲ ಒಲೆಯ ಹೊಗೆಕೊಳವೆ ಹತ್ತಿರ ಇದ್ದರೆ ಆ ಬದಿ ಹತ್ತು ಅಡಿ ಖಾಲಿ ಬಿಡಿ, ಕಿಡಿ ಬೀಳುತ್ತದೆ. ಪಶ್ಚಿಮದ ಕಡೆ ಗೋಣಿ ಇಳಿಬಿಟ್ಟು ಮಧ್ಯಾಹ್ನ ಒದ್ದೆ ಮಾಡಿ, ಆದರೆ ಗಾಳಿ ಆಡುವ ಬದಿ ಮುಚ್ಚಬೇಡಿ. ಗಾಳಿ ಇಲ್ಲದ ಒದ್ದೆ ಕೊಟ್ಟಿಗೆ ಒಣ ಕೊಟ್ಟಿಗೆಗಿಂತ ಕೆಟ್ಟದ್ದು.

ಮೇವಿನ ಹೊತ್ತು ಬದಲಿಸಿ. ಒಣಹುಲ್ಲು ಹೊಟ್ಟೆಯಲ್ಲಿ ಹುದುಗುವಾಗ ಮೈಯೊಳಗೇ ಬಿಸಿ ಹುಟ್ಟುತ್ತದೆ, ತಿಂದ ಮೂರು ನಾಲ್ಕು ಗಂಟೆಗೆ ಅದು ಜಾಸ್ತಿ. ಹತ್ತು ಗಂಟೆಗೆ ಹುಲ್ಲು ಹಾಕಿದರೆ ಒಳಗಿನ ಬಿಸಿ, ಹೊರಗಿನ ಬಿಸಿಲು ಎರಡೂ ಒಂದೇ ಹೊತ್ತಿಗೆ ಬಂದು ಕೂರುತ್ತವೆ. ಒಣಹುಲ್ಲಿನ ದೊಡ್ಡ ಪಾಲು ರಾತ್ರಿ ಎಂಟರ ಮೇಲೆ, ಪಶು ಆಹಾರ ಬೆಳಗ್ಗಿನ ಜಾವ ಮತ್ತು ಸಂಜೆ, ಹಸಿರು ಹಗಲಿಗೆ. 5 ಲೀಟರ್ ಹಾಲಿಗೆ ಪಶು ಆಹಾರ ಒಟ್ಟು ಮೂರೂವರೆ ಕಿಲೋ: ಮೈಗೆ ಒಂದೂವರೆ, ಎರಡೂವರೆ ಲೀಟರ್ ಹಾಲಿಗೆ ಒಂದರಂತೆ ಎರಡು. ಅದಕ್ಕೆ 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು.

ಅಜೋಲ್ಲಾ ಈಗ ಬೇಡ. 35 ಡಿಗ್ರಿ ದಾಟಿದರೆ ಕೆಂಪಾಗಿ ಕೊಳೆಯುತ್ತದೆ. ಸೊಂಪಾಗಿ ಬಂದಾಗಲೂ ದಿನದ ಅರ್ಧ ಕಿಲೋದಲ್ಲಿ ಒಣ ಅಂಶ 30 ಗ್ರಾಂ ಅಷ್ಟೇ, ಉಳಿದದ್ದು ನೀರು. ಕೋಳಿಗೆ ಒಳ್ಳೆಯದು, ಜರ್ಸಿ ಹಲ್ಲಿಗೂ ಸಾಲದು. ಅದರ ಬದಲು ತೋಟದಲ್ಲೇ ಬಿದ್ದಿರುವ ಹಾಳೆ (ಅಡಿಕೆ ಗರಿಯ ಬುಡದ ಅಗಲ ಪಟ್ಟೆ) ನೋಡಿ. ಮರಕ್ಕೆ ವರ್ಷಕ್ಕೆ ಆರೇಳು ಬೀಳುತ್ತದೆ, ನಿಮ್ಮಲ್ಲಿ ಸಾವಿರದ ಹತ್ತಿರ. ಬಿದ್ದ ಒಂದೆರಡು ದಿನದೊಳಗಿನ, ಬೂಷ್ಟು ಹಿಡಿಯದ, ಔಷಧಿ ತಾಗದ ಹಾಳೆ ಮಾತ್ರ. ಎಲೆಯ ಭಾಗ ಬಿಟ್ಟು ಹಾಳೆಯನ್ನು ಒಂದು ಇಂಚಿಗೆ ಕತ್ತರಿಸಿ ರಾತ್ರಿ ನೆನೆಸಿಡಿ. ಶುರುವಿಗೆ ಅರ್ಧ ಕಿಲೋ, ವಾರದಲ್ಲಿ ಎರಡು ಕಿಲೋ ತನಕ ಏರಿಸಿ. ಸತ್ವದಲ್ಲಿ ಒಣಹುಲ್ಲಿಗೆ ಸರಿಸುಮಾರು ಸಮ, ಹಾಗಾಗಿ ಹುಲ್ಲಿನ ಬದಲಿಗೆ ಹೊರತು ಹಿಂಡಿಯ ಬದಲಿಗಲ್ಲ.

ಕೊಟ್ಟಿಗೆ ತೊಳೆದ ನೀರು ಹರಿಯುವ ಕಡೆ ಎರಡಡಿಗೊಂದರಂತೆ ಸಿಒ-4 ನೇಪಿಯರ್ (ಮೇವಿನ ಹುಲ್ಲು) ಬುಡ ನೆಟ್ಟರೆ ಬಾವಿಯ ನೀರು ಖರ್ಚಾಗುವುದಿಲ್ಲ. ಮೊದಲ ಕೊಯ್ಲು 75 ದಿನಕ್ಕೆ, ಆಮೇಲೆ 45 ದಿನಕ್ಕೊಮ್ಮೆ.

ಇನ್ನು, ಇದು ಮದುವೆ ಮುಂಜಿಯ ಕಾಲ, ಹಲಸೂ ಹಣ್ಣಾಗುವ ಕಾಲ. ಉಳಿದ ಅನ್ನ, ಪಾಯಸ, ಹಲಸಿನ ತೊಳೆ, ಗೇರುಹಣ್ಣು ಒಟ್ಟಿಗೆ ಕಲಗಚ್ಚಿಗೆ ಸುರಿದರೆ ಹೊಟ್ಟೆಯಲ್ಲಿ ಹುಳಿಯೆದ್ದು ಹಸು ಮೆಲುಕು ನಿಲ್ಲಿಸುತ್ತದೆ, ಸಗಣಿ ತೆಳ್ಳಗಾಗಿ ಹುಳಿ ವಾಸನೆ ಬರುತ್ತದೆ. ಅಡುಗೆ ಸೋಡಾ ದೊಡ್ಡ ಹಸುವಿಗೆ 100 ಗ್ರಾಂ, ಗಿಡ್ಡಕ್ಕೆ 50, ಒಂದು ಲೀಟರ್ ನೀರಿಗೆ ಕಲಸಿ, ಬಾಯಿಯ ಪಕ್ಕದಿಂದ ನಿಧಾನ ಕುಡಿಸಿ. ತಲೆ ಮೇಲಕ್ಕೆತ್ತಿ ಹಿಡಿದರೆ ಶ್ವಾಸಕ್ಕೆ ಹೋಗುತ್ತದೆ. ಅಷ್ಟು ಮಾಡಿ ಪಶು ಸಹಾಯವಾಣಿ 1962ಕ್ಕೆ ಫೋನು ಮಾಡಿ, ಕಾಯಬೇಡಿ. ಮಲಗಿ ಏಳದ ಹಸುವಿಗೆ ಮನೆಮದ್ದು ಇಲ್ಲ.

ಉತ್ತರ: ಕಳೆಗುದ್ದಲಿ (ಶಿಕಾರಿಪುರ)

ಹಾಳೆ ಸರಿ. ಆದರೆ ಹುಲ್ಲಿಗೆ ಯೂರಿಯಾ ಉಪಚಾರದ ಮಾತು ಯಾರೂ ಎತ್ತಲಿಲ್ಲ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾ, 50 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಮುಚ್ಚಿ 21 ದಿನ. ತೆಗೆದ ಮೇಲೆ ಕಣ್ಣುರಿ ಬರಿಸುವ ವಾಸನೆ ಹೋಗುವ ತನಕ ಒಂದು ಗಂಟೆ ಹರವಿ, ಆಮೇಲೆ ಹಾಕಬೇಕು. ಆರು ತಿಂಗಳೊಳಗಿನ ಕರುವಿಗೆ ಬೇಡವೇ ಬೇಡ.

ಉತ್ತರ: ಹುಲ್ಲುಗೊಣಬೆ (ಸಾಗರ)

ಬೇಕೆಂದೇ ಬಿಟ್ಟದ್ದು. ಅಳತೆ ನೀವು ಹೇಳಿದ್ದು ಸರಿ. ಆದರೆ ಸರಿಯಾಗಿ ಕರಗದ ಯೂರಿಯಾ ಉಂಡೆ ಒಂದು ಕಡೆ ಕೂತು ಅದು ಹಸುವಿನ ಬಾಯಿಗೆ ಹೋದರೆ ಅರ್ಧ ಗಂಟೆಯಲ್ಲಿ ಹೊಟ್ಟೆ ಉಬ್ಬಿ ನಡುಕ ಶುರುವಾಗುತ್ತದೆ. ಯೂರಿಯಾ ನೀರಿನ ಬಕೆಟ್ ಕೊಟ್ಟಿಗೆ ಪಕ್ಕ ಇಟ್ಟು ಮರೆತರೂ ಅಷ್ಟೇ. ಒಂದು ಜರ್ಸಿ, ಎರಡು ಗಿಡ್ಡಕ್ಕೆ ಆ ಸಾಹಸದಿಂದ ಸಿಗುವ ಲಾಭ ಕಡಿಮೆ. ಗಿಡ್ಡಕ್ಕಂತೂ ಬೆಳಿಗ್ಗೆ ಆರೂವರೆಯಿಂದ ಹತ್ತು, ಸಂಜೆ ನಾಲ್ಕರ ಮೇಲೆ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಮೇಯಲು ಬಿಟ್ಟು, ರಾತ್ರಿಗೆ ಎರಡು ಕಿಲೋ ಹುಲ್ಲು ಕೊಟ್ಟರೆ ಬೇಸಿಗೆ ಕಳೆಯುತ್ತದೆ. ಹುಲ್ಲಿಲ್ಲದ ಕಡೆ ಮಾತ್ರ ಬಿಡಬೇಡಿ, ಹಸಿದ ದನ ಲಂಟಾನಕ್ಕೂ ಬಾಯಿ ಹಾಕುತ್ತದೆ. ಆಮೇಲೆ ಬಿಸಿಲು ತಾಗಿದಲ್ಲೆಲ್ಲ ಚರ್ಮ ಸುಲಿಯುತ್ತದೆ.

ಉತ್ತರ: ಮೊಗೆಬಳ್ಳಿ (ಸೊರಬ)

ಉದುರಿದ ಮಿಡಿ ಹತ್ತು ಆರಿಸಿ, ಚಾಕುವಿನಲ್ಲಿ ಉದ್ದಕ್ಕೆ ಸೀಳಿ. ಒಳಗೆ ಬಿಳಿ ಹುಳು ಮಿಸುಕಾಡುತ್ತಿದ್ದರೆ, ಸಿಪ್ಪೆಯ ಮೇಲೆ ಸೂಜಿ ಚುಚ್ಚಿದ ಗುರುತು ಮತ್ತು ಅಲ್ಲಿ ಅಂಟಿನ ಹನಿ ಇದ್ದರೆ, ಅದು ಹಣ್ಣುನೊಣ. ಒಳಗೆ ಶುಭ್ರವಾಗಿದ್ದು ಬೀಜದ ಸಾಲು ಮಾತ್ರ ಸಪ್ಪಟೆ ಇದ್ದರೆ ಪರಾಗ ಮುಟ್ಟಿಲ್ಲ. ಎರಡಕ್ಕೂ ಮದ್ದು ಬೇರೆ. ನೋಡದೆ ಔಷಧಿ ಹೊಡೆದರೆ ಇರುವ ಜೇನೂ ಹೋಗುತ್ತದೆ.

ನೊಣವಾದರೆ ಕ್ಯೂಲೂರ್ (ನೊಣ ಸೆಳೆಯುವ ವಾಸನೆಯ ಮದ್ದು) ಇರುವ ಬಲೆ ತನ್ನಿ. ಮಾವಿಗೆ ಕಟ್ಟುವ ಮಿಥೈಲ್ ಯುಜಿನಾಲ್ ಬಲೆ ಬಳ್ಳಿಯ ನೊಣಕ್ಕೆ ಆಗುವುದಿಲ್ಲ, ಅಂಗಡಿಯಲ್ಲಿ ಹೆಸರು ಹೇಳಿ ಕೇಳಿ. ನಿಮ್ಮ ಹತ್ತು ಮಡಿಗೆ ಎರಡು ಸಾಕು, ಚಪ್ಪರದ ಎತ್ತರಕ್ಕೆ ಕಟ್ಟಿ. ಆದರೆ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಈಗಾಗಲೇ ಕೂಡಿದ ಹೆಣ್ಣು ಮೊಟ್ಟೆ ಇಡುತ್ತಲೇ ಇರುತ್ತದೆ. ಹಾಗಾಗಿ ಉದುರಿದ ಮಿಡಿಯನ್ನು ದಿನಾ ಆರಿಸಿ ನೀರು ತುಂಬಿದ ಬಕೆಟ್ಟಿಗೆ ಹಾಕಿ ವಾರ ಮುಚ್ಚಿಡಬೇಕು. ಗೊಬ್ಬರಗುಂಡಿಗೆ ಎಸೆದರೆ ನೀವೇ ನೊಣ ಸಾಕಿದಂತೆ. ಹುಳು ಮಣ್ಣಿಗಿಳಿದು ಗೂಡು ಕಟ್ಟಿ ಮತ್ತೆ ಹಾರುತ್ತದೆ. ನಿಂತ ಮಿಡಿಗೆ ಹಳೆ ಪೇಪರಿನ ಕೊಟ್ಟೆ ಕಟ್ಟುವುದು ಹಾಗಲಕ್ಕೆ ಬಹಳ ಒಳ್ಳೆಯ ಉಪಾಯ, ಹೂ ಬಾಡಿದ ಮರುದಿನವೇ ಕಟ್ಟಬೇಕು.

ಪರಾಗದ ತೊಂದರೆಯಾದರೆ ಬೆಳಿಗ್ಗೆ ಎಂಟರೊಳಗೆ ಆಗ ತಾನೇ ಅರಳಿದ ಗಂಡು ಹೂ ಕಿತ್ತು ಎಸಳು ಹಿಂದಕ್ಕೆ ಮಡಚಿ, ಬುಡದಲ್ಲಿ ಮಿಡಿ ಇರುವ ಹೆಣ್ಣು ಹೂವಿನ ನಡುವಿಗೆ ಉಜ್ಜಿ. ಸೆಖೆ ಜೋರಾದಾಗ ಗಂಡು ಹೂವೇ ಹೆಚ್ಚು ಬಿಡುತ್ತದೆ, ಅದಕ್ಕೆ ಗಾಬರಿ ಬೇಡ.

ಮಡಿ ಈಗ ನೆಲಮಟ್ಟಕ್ಕಿಂತ ಮೂರು ಇಂಚು ತಗ್ಗಿರಲಿ. ಮಳೆಗಾಲದ ಏರುಮಡಿಯನ್ನೇ ಬೇಸಿಗೆಗೂ ಇಟ್ಟುಕೊಂಡರೆ 18 ಲೀಟರಿನಲ್ಲಿ ಅರ್ಧ ಅಂಚಿನಿಂದ ಇಳಿದು ಹೋಗುತ್ತದೆ. ಈಗ ಬಿತ್ತಬಹುದಾದದ್ದು ಹರಿವೆ, ಅಲಸಂದೆ, ಬೆಂಡೆ. ಬಸಳೆ ತುಂಡು ನೆಡಬಹುದು. ಹರಿವೆ ಬೀಜ ಮಡಿಗೆ 8 ಗ್ರಾಂ, ಹತ್ತರಷ್ಟು ಮರಳಲ್ಲಿ ಬೆರೆಸಿ ಚೆಲ್ಲಿ, ಮೊಳಕೆ ಬರುವ ತನಕ ಒದ್ದೆ ಗೋಣಿ ಮುಚ್ಚಿ. ಇಲ್ಲದಿದ್ದರೆ ಇರುವೆ ಹೊತ್ತೊಯ್ಯುತ್ತದೆ. 25 ದಿನಕ್ಕೆ ಕೀಳಬಹುದು. ಬೆಂಡೆಗೆ ಬಿಳಿನೊಣದಿಂದ ನರ ಹಳದಿಯಾಗುವ ರೋಗ ಬೇಸಿಗೆಯಲ್ಲೇ ಜಾಸ್ತಿ. ಅರ್ಕಾ ಅನಾಮಿಕಾ ತಳಿ ಸ್ವಲ್ಪ ತಾಳಿಕೊಳ್ಳುತ್ತದೆ, ಆದರೂ ಹಳದಿಯಾದ ಗಿಡ ಕಂಡ ದಿನವೇ ಕಿತ್ತುಬಿಡಿ. ಟೊಮೆಟೊ, ಕೋಸು ಈಗ ಹಾಕಿದರೆ ನೀರು ದಂಡ. ಮೊಗೆಕಾಯಿಯ (ಸಾಂಬಾರು ಸೌತೆ) ಕಾಲ ಮುಗಿದಿದೆ, ಅದು ಗದ್ದೆ ಕೊಯ್ಲಾದ ಮೇಲೆ ಪಸೆ ಇರುವಾಗಲೇ ಹಾಕುವ ಬೆಳೆ. ಹಾಕಿದವರು ಯಾರಾದರೂ ಓದುತ್ತಿದ್ದರೆ: ಕಾಯಿಯ ತೊಟ್ಟು ಎರಡು ಇಂಚು ಬಿಟ್ಟು ಕೊಯ್ಯಿರಿ, ನೆಲಕ್ಕೆ ಬಡಿಸದೆ ತಂದು, ಬಾಳೆಪಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಅಟ್ಟದ ಜಂತಿಗೆ ಕಟ್ಟಿ. ಪೆಟ್ಟು ಬಿದ್ದ ಕಾಯಿ ಒಂದಿದ್ದರೂ ಅದರಿಂದಲೇ ಕೊಳೆ ಶುರು. ಚೊಕ್ಕದ್ದು ಮಳೆಗಾಲದ ಸಾಂಬಾರಿಗೆ ಒದಗುತ್ತದೆ.

ಗಂಜಲ ಹಾಕುವುದಾದರೆ ಒಂದಕ್ಕೆ ಹತ್ತು ನೀರು, ಅದೂ ಮಡಿ ನೆನೆಸಿದ ಮೇಲೆ. ಒಣ ಮಣ್ಣಿಗೆ ಹಾಕಿದರೆ ಎಲೆಯ ಅಂಚು ಸುಡುತ್ತದೆ. ಬಚ್ಚಲ ಒಲೆಯ ಬೂದಿ ನಮ್ಮ ಹುಳಿಮಣ್ಣಿಗೆ ಬೇಕಾದದ್ದೇ, ಆದರೆ ಗಂಜಲದ ಜೊತೆ ಬೆರೆಸಬೇಡಿ, ಸಾರಜನಕ ಆವಿಯಾಗಿ ಹೋಗುತ್ತದೆ. ಬೂದಿಯನ್ನು ಬೆಳಗ್ಗಿನ ಇಬ್ಬನಿಯಲ್ಲಿ ಎಳೆ ಬಳ್ಳಿಗೆ ಉದುರಿಸಿದರೆ ಕೆಂಪು ದುಂಬಿಯೂ ದೂರ. ಸೋಪಿನ ಬಚ್ಚಲ ನೀರು ಬಾಳೆಗೆ ಬಿಡಿ, ಸೊಪ್ಪಿನ ಮಡಿಗೆ ಬೇಡ.

ಪ್ರಶ್ನೆ ಕೇಳಿದವರು: ಗುಡ್ಡದಬುಡ

ಸೀಳಿ ನೋಡಿದೆ, ಹತ್ತರಲ್ಲಿ ಎಂಟಕ್ಕೆ ಹುಳು. ಬಲೆ ತರುತ್ತೇನೆ. ಉಣುಗು ಮತ್ತು ದರಕಿನ ಬಗ್ಗೆ ಯಾರಾದರೂ ಹೇಳಿ. ಕೋಳಿಗೇನಾದರೂ ಮಾಡಬೇಕೇ?

ಉತ್ತರ: ಸೊಪ್ಪಿನಬೆಟ್ಟ (ಸಾಗರ)

ಉಣುಗನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದರ ಜೋರು ಡಿಸೆಂಬರಿನಿಂದ ಮೇ ತನಕ, ಸರಿಯಾಗಿ ನಾವು ದರಕು ಗುಡಿಸುವ ಕಾಲ. ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ಎಳ್ಳಿನಷ್ಟು ಸಣ್ಣ ಮರಿ ಉಣುಗು, ಕಣ್ಣಿಗೆ ಬೀಳುವುದೇ ಕಷ್ಟ. ದನಕ್ಕೆ ಆ ಕಾಯಿಲೆ ಬರುವುದಿಲ್ಲ, ಆದರೆ ದೊಡ್ಡ ಉಣುಗು ದನದ ರಕ್ತ ಹೀರಿಯೇ ಸಂತತಿ ಬೆಳೆಸುವುದು.

ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಈ ವರ್ಷ ಆ ಕಾಡಿನ ದರಕು ಬೇಡ, ತೋಟದ ಸೋಗೆಯನ್ನೇ ಕತ್ತರಿಸಿ ಹಾಕಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹೋಗಲೇಬೇಕಾದರೆ ಆಶಾ ಕಾರ್ಯಕರ್ತೆಯರ ಹತ್ತಿರ ಡೆಪಾ ತೈಲ (ಉಣುಗು ಹತ್ತಿರ ಬಾರದಂತೆ ಮೈಗೆ ಹಚ್ಚುವ ಎಣ್ಣೆ) ಕೇಳಿ ಪಡೆದು ಕೈಕಾಲಿಗೆ ಹಚ್ಚಿ, ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿ ಸಾಕ್ಸಿನೊಳಗೆ ಸೇರಿಸಿ. ದರಕಿನ ಮೇಲೆ ಕೂರಬೇಡಿ. ತಂದ ದರಕು ಮನೆ ಜಗಲಿ ಪಕ್ಕ ರಾಶಿ ಹಾಕದೆ ನೇರ ತೋಟಕ್ಕೆ ಒಯ್ಯಿರಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಸೋಪು ಹಚ್ಚಿ ಸ್ನಾನ, ಕಂಕುಳು ಮತ್ತು ಮಂಡಿಯ ಹಿಂದೆ ತಡವಿ ನೋಡಿ. ವಾರದೊಳಗೆ ಒಮ್ಮೆಲೇ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋದದ್ದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ದನಕ್ಕೆ: ಡೆಲ್ಟಾಮೆಥ್ರಿನ್ 1.25% ದ್ರಾವಣ ಲೀಟರ್ ನೀರಿಗೆ 2 ಮಿ.ಲೀ. ಸಂಜೆ ತಂಪಿನಲ್ಲಿ, ದನ ಹೊಟ್ಟೆ ತುಂಬ ನೀರು ಕುಡಿದ ಮೇಲೆ ಹೊಡೆಯಿರಿ. ಬಾಯಾರಿದ್ದರೆ ಮೈ ನೆಕ್ಕುತ್ತದೆ. ಕಿವಿಯ ಒಳಬದಿ, ಗಂಗೆದೊಗಲು (ಕತ್ತಿನ ಕೆಳಗಿನ ಜೋಲು ಚರ್ಮ), ಬಾಲದ ಬುಡ, ಕೆಚ್ಚಲಿನ ಸಂದು: ಉಣುಗು ಕೂರುವುದೇ ಅಲ್ಲಿ, ಅಲ್ಲಿಗೆ ಬಟ್ಟೆ ಅದ್ದಿ ಒರೆಸಿ, ಕೈಗೆ ಗವಸು ಇರಲಿ. ಮರುದಿನ ಕರೆಯುವ ಮುಂಚೆ ಕೆಚ್ಚಲು ತೊಳೆಯಿರಿ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಗೋಡೆಯ ಬಿರುಕಿನಲ್ಲಿ ಮೊಟ್ಟೆ ಇರುತ್ತದೆ. ಗೋಡೆಗೂ ಹೊಡೆದು, 15 ದಿನ ಬಿಟ್ಟು ಮತ್ತೊಮ್ಮೆ. ಚಿಕ್ಕ ಕರುವಿಗೆ ಪಶುವೈದ್ಯರನ್ನು ಕೇಳದೆ ಬೇಡ. ಅವರು ಬಂದಾಗಲೇ ಗಳಲೆ (ಗಂಟಲುಬೇನೆ), ಚಪ್ಪೆ ರೋಗದ (ತೊಡೆ ಊದುವ ಕಾಯಿಲೆ) ಲಸಿಕೆ ಮಾತಾಡಿಬಿಡಿ, ಮೇ ತಿಂಗಳೊಳಗೆ ಆಗಬೇಕು.

ಕೋಳಿಗೆ ಬೇಸಿಗೆಯ ಭಯ ಕೊಕ್ಕರೆ ರೋಗ (ರಾಣಿಖೇತ್). ಎಂಟು ವಾರ ದಾಟಿದವಕ್ಕೆ ಆರ್2ಬಿ ಲಸಿಕೆ ರೆಕ್ಕೆಯ ಕೆಳಗೆ ಚುಚ್ಚಿಸಿ. ಸೀಸೆ ಮಂಜುಗಡ್ಡೆಯಲ್ಲೇ ಬರಬೇಕು, ಬಿಸಿಯಾದ ಲಸಿಕೆ ಹಾಕಿದರೂ ಒಂದೇ ಬಿಟ್ಟರೂ ಒಂದೇ. ನೀರು ಮಣ್ಣಿನ ಬೋಗುಣಿಯಲ್ಲಿ, ನೆರಳಲ್ಲಿ ಎರಡು ಕಡೆ.

ಉತ್ತರ: ದಬ್ಬೆನೀರು (ತೀರ್ಥಹಳ್ಳಿ)

ಒಂದು ಮಾತು ಬಿಟ್ಟುಹೋಯಿತು. ಭರಣಿ ಮಳೆ ಧರಣಿ ಬೆಳೆ ಅಂತ ಮೊದಲ ಮಳೆ ಬಿದ್ದ ದಿನವೇ ಡ್ರಿಪ್ ಬಂದ್ ಮಾಡುವವರಿದ್ದಾರೆ. ದಪ್ಪ ದರಕು ಇರುವ ಕಡೆ ಮೊದಲ ಮಳೆಯನ್ನು ದರಕೇ ಕುಡಿಯುತ್ತದೆ, ಮೇಲೆ ಒದ್ದೆ, ಕೆಳಗೆ ಧೂಳು. ದರಕು ಸರಿಸಿ ಬೆರಳು ಇಳಿಸಿ ನೋಡಿ. ನಡುಬೆರಳು ಪೂರ್ತಿ ಇಳಿದು, ಮಣ್ಣು ಹಿಡಿದರೆ ಉಂಡೆ ಕಟ್ಟಿದರೆ ಮೂರು ದಿನ ನಿಲ್ಲಿಸಿ. ಇಲ್ಲದಿದ್ದರೆ ಮಾಮೂಲಿನಂತೆ ಒಂದು ಗಂಟೆ ನಲವತ್ತು ನಿಮಿಷ.